ಕೋಟೆಬೆಟ್ಟಕ್ಕೆ ಆರು ಪ್ಲೇಟು

ಅರಸೀಕೆರೆ

ಪರದೇಶಕ್ಕೆ ಹೋಗಿಬಂದವರೆಲ್ಲ ಬರೆಯುತ್ತಾರೆ, ನಾನೂ ಬರೆಯುತ್ತೇನೆ. ನಾನು ಹಡಗು ಹತ್ತಲಿಲ್ಲ. ಬಸ್ಸು ಹತ್ತಿ ಕೊಡಗಿಗೆ ಹೋಗಿ ಬಂದೆ, ಅಷ್ಟೆ. ಆದರೆ ನಮ್ಮದು ಮೈಸೂರು ರಾಜ್ಯ, ಅದು ಕೊಡಗು ರಾಜ್ಯ. ಅವರ ಸರ್ಕಾರ ಬೇರೆ, ಮಂತ್ರಿಗಳು ಬೇರೆ, ಗಡಿಯಲ್ಲಿ ರಸ್ತೆಗೆ ಅಡ್ಡ ಹಾಕುವ ಬಿದಿರಿನ ಗಳವೂ ಅವರದೇ. ಆದ್ದರಿಂದ ನಾನು ಪರದೇಶಕ್ಕೇ ಹೋಗಿದ್ದೆ. ಅಲ್ಲ ಎನ್ನುವವರು ಎನ್ನಲಿ.

ನಾನು ಅರಸೀಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಮದುವೆ ಹೆಣ್ಣು, ನಾಮಕರಣದ ಮಗು, ವರ್ಗವಾಗಿ ಹೋಗುವ ಮೇಷ್ಟ್ರು, ಯಾರು ಬಂದರೂ ಕುರ್ಚಿಯ ಮೇಲೆ ಕೂರಿಸಿ, ಗದ್ದ ಎತ್ತಿಸಿ, ‘ಅಲ್ಲಾಡಬೇಡಿ’ ಎಂದು ಗದರಿಸುವುದೇ ನನ್ನ ಕಸುಬು. ನನ್ನ ಜೊತೆಗೆ ಅಷ್ಟೇ ವರ್ಷದಿಂದ ಸೋಮಯ್ಯ ಇದ್ದಾನೆ. ನಾನು ಫೋಟೋ ತೆಗೆದ ಗಾಜಿನ ಪ್ಲೇಟನ್ನು ಬೆಳಕಿಗೆ ಹಿಡಿದು, ಸಣ್ಣ ಮೊನೆಯ ಸೀಸದಕಡ್ಡಿಯಿಂದ ಮೊಡವೆ, ಸುಕ್ಕು, ಸಿಡುಬಿನ ಕಲೆ ಎಲ್ಲ ತಿದ್ದುವವನು ಅವನು. ಅಚ್ಚಾದ ಫೋಟೋಗೆ ಬಣ್ಣ ಹಾಕುವವನೂ ಅವನೇ. ಅವನ ಕೈ ಬಿದ್ದ ಮೇಲೆ ನಮ್ಮ ಊರಿನ ಯಾವ ಹೆಣ್ಣಿನ ಮುಖದಲ್ಲೂ ಒಂದು ಚುಕ್ಕೆ ಉಳಿಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನಗೆ ಮನೆ ಎಂದರೆ ಸ್ಟುಡಿಯೋನೇ. ಅವನಂತೂ ಮದುವೆಯೇ ಆಗಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಚೆನ್ನಾಗಿಯೇ ಇದ್ದೆವು.

ಈ ಸಲದ ಮಳೆಗಾಲದಲ್ಲಿ ಸೋಮಯ್ಯ ಒಬ್ಬ ವಧುವಿನ ಎರಡು ಹುಬ್ಬನ್ನೂ ಅಳಿಸಿಬಿಟ್ಟ. ನಾನು ಕೂಗಾಡಿದೆ. ಅವನು ಪ್ಲೇಟನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಹುಡುಕಿದ. ಆಮೇಲೆ ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು, ಕಣ್ಣೊಳಗಿನ ನರ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ, ಸಂಕ್ರಾಂತಿಯ ಹೊತ್ತಿಗೆ ಬೆಳಕು ಯಾವುದು ಕತ್ತಲು ಯಾವುದು ಅಷ್ಟೇ ತಿಳಿದೀತು ಎಂದರು. ಆಗ ದೀಪಾವಳಿ ಹತ್ತಿರವಿತ್ತು. ನನ್ನ ಪ್ಲೇಟುಗಳೇ ಅವನ ಕಣ್ಣು ತಿಂದವು ಅಂತ ನನಗೆ ಅನ್ನಿಸುತ್ತದೆ. ಡಾಕ್ಟರು ಹಾಗೇನೂ ಇಲ್ಲ ಅಂದರು. ಅವರು ಅನ್ನಲೇಬೇಕಲ್ಲ.

ವಾಪಸು ಬರುವಾಗ ರೈಲಿನ ಕಿಟಕಿಯ ಪಕ್ಕ ಕೂತು ಸೋಮಯ್ಯ ಒಂದು ಮಾತು ಹೇಳಿದ. ಅವನು ಹುಟ್ಟಿ ಬೆಳೆದದ್ದು ಕೊಡಗಿನ ಮಾದಾಪುರದ ಹತ್ತಿರ, ಒಂದು ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ. ಅವನ ಅಪ್ಪ ಅಲ್ಲಿ ಗಾಡಿ ಹೊಡೆಯುತ್ತಿದ್ದ. ಹದಿನಾರಕ್ಕೆ ಊರು ಬಿಟ್ಟವನು ಮತ್ತೆ ಹೋಗಿರಲಿಲ್ಲ. ಎಸ್ಟೇಟಿನ ಮೇಲೆ ಒಂದು ಬಂಡೆ ಇದೆಯಂತೆ. ಅಲ್ಲಿ ಕೂತರೆ ಎದುರಿಗೆ ಕೋಟೆಬೆಟ್ಟ. ಮಳೆ ಬಿಟ್ಟ ಸಂಜೆ ಮೋಡ ಬೆಟ್ಟದ ನೆತ್ತಿಯಿಂದ ಒಂದು ಗೇಣು ಮೇಲೇಳುತ್ತದೆ. ಆ ಒಂದು ಗೇಣಿನ ಸಂದಿಯಿಂದ ಸೂರ್ಯ ನುಗ್ಗಿ, ಮೋಡವನ್ನು ಅಡಿಯಿಂದ ಬೆಳಗಿ, ಕಣಿವೆಗಳನ್ನೆಲ್ಲ ಒಂದಾದ ಮೇಲೊಂದು ಹೊತ್ತಿಸುತ್ತಾನೆ.

‘ಕಣ್ಣು ಹೋಗೋದ್ರೊಳಗೆ ಅದೊಂದು ಸಲ ನೋಡ್ಬೇಕು ಅನ್ಸುತ್ತೆ ಕಣೋ ರುದ್ರ’ ಎಂದ.

‘ಅದಕ್ಕೇನಂತೆ, ನಾನು ಹೋಗಿ ಹಿಡ್ಕೊಂಡು ಬರ್ತೀನಿ’ ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ‘ದೊಡ್ಡದಾಗಿ ಅಚ್ಚು ಹಾಕಿ ಕೊಡ್ತೀನಿ. ಕಣ್ಣಿಗೆ ಆನಿಸ್ಕೊಂಡು ನೋಡುವಿಯಂತೆ. ಬಣ್ಣ ನೀನೇ ಹಾಕು.’

ಅವನು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದ. ಆಮೇಲೆ ‘ಆಗ್ಲಿ’ ಎಂದ.

ಇಲ್ಲಿ ಕಸುಬಿನ ಒಂದು ವಿಷಯ ಹೇಳಬೇಕು. ನಾವು ದಿನಾ ಬಳಸುವ ಪ್ಲೇಟಿಗೆ ಕೆಂಪು ಬಣ್ಣ ಕಾಣುವುದಿಲ್ಲ. ಅದಕ್ಕೇ ಕತ್ತಲೆ ಕೋಣೆಯಲ್ಲಿ ಕೆಂಪು ಗಾಜಿನ ದೀಪ ಹಚ್ಚಿಕೊಂಡು ಕೆಲಸ ಮಾಡುತ್ತೇವೆ, ಪ್ಲೇಟಿಗೆ ಏನೂ ಆಗುವುದಿಲ್ಲ. ಅಂಥ ಪ್ಲೇಟು ಹಿಡಿದು ಸೂರ್ಯ ಮುಳುಗುವುದನ್ನು ತೆಗೆಯಲು ಹೋದರೆ ಕೆಂಪು ಇರುವಲ್ಲೆಲ್ಲ ಫೋಟೋದಲ್ಲಿ ಬರೀ ಕಪ್ಪು ಬರುತ್ತದೆ. ಹಾಗಾಗಿ ಬೆಂಗಳೂರಿನಿಂದ ಎಲ್ಲ ಬಣ್ಣವೂ ಕಾಣುವ ಹೊಸ ಬಗೆಯ ಪ್ಲೇಟು ತರಿಸಿದೆ. ಆರೇ ಸಿಕ್ಕಿದವು. ಡಬ್ಬಿಯೊಳಗೆ ಒಂದು ಚೀಟಿ ಇತ್ತು, ಪೂರ್ತಿ ಕತ್ತಲೆಯಲ್ಲಿ ಮಾತ್ರ ತೆರೆಯಬೇಕು ಎಂದು. ಅದನ್ನು ಸೋಮಯ್ಯನಿಗೆ ನಾನೇ ಗಟ್ಟಿಯಾಗಿ ಓದಿ ಹೇಳಿದೆ.

ಕೊಡ್ಲಿಪೇಟೆಯ ಗಡಿ

ಹಾಸನದಿಂದ ಹೊರಟ ಬಸ್ಸು ಗಡಿಯಲ್ಲಿ ನಿಂತಿತು. ಪೇಟ ಸುತ್ತಿದ ಪೇದೆಯೊಬ್ಬ ಹತ್ತಿ, ಯಾರು ಅಕ್ಕಿ, ಯಾರು ಬೆಲ್ಲ ಕದ್ದು ಸಾಗಿಸುತ್ತಿದ್ದಾರೆ ಎಂದು ಗಂಟುಮೂಟೆ ಒತ್ತಿ ನೋಡುತ್ತಾ ಬಂದ. ನನ್ನ ಕಾಲ ಹತ್ತಿರ ಕ್ಯಾಮೆರಾದ ದೊಡ್ಡ ಮರದ ಪೆಟ್ಟಿಗೆ, ತೊಡೆಯ ಮೇಲೆ ಪ್ಲೇಟಿನ ಡಬ್ಬಿ.

‘ಇದರೊಳಗೇನು?’

‘ಗಾಜು.’

‘ತೆಗೀರಿ.’

‘ತೆಗೆದರೆ ಹಾಳಾಗುತ್ತೆ.’

‘ತೆಗೆದರೆ ಹಾಳಾಗೋ ಗಾಜು ಎಲ್ಲಿಂದ ಬಂತು?’ ಎಂದು ಅವನು ಡಬ್ಬಿಗೆ ಕೈ ಹಾಕಿದ. ನಾನು ಎರಡೂ ಕೈಯಿಂದ ತಬ್ಬಿಕೊಂಡೆ. ಬೆಳಕು ತಗುಲಿದರೆ ಗಾಜೆಲ್ಲ ಹೇಗೆ ಕಪ್ಪಾಗಿಬಿಡುತ್ತದೆ, ಇದರಲ್ಲಿ ಏನು ತೆಗೆಯಬೇಕಾಗಿದೆ, ಯಾರ ಕಣ್ಣು ಹೋಗುತ್ತಿದೆ, ಎಲ್ಲ ಹೇಳಿದೆ. ಬಸ್ಸಿನವರೆಲ್ಲ ತಿರುಗಿ ಕೂತು ಕೇಳಿದರು. ಹಿಂದಿನ ಸೀಟಿನ ಮುದುಕಿಯೊಬ್ಬಳು ಮಲಯಾಳದಲ್ಲೋ ತುಳುವಿನಲ್ಲೋ ಏನೋ ಅಂದಳು, ಕಂಡಕ್ಟರು ಅದಕ್ಕೆ ಉರ್ದುವಿನಲ್ಲಿ ಉತ್ತರ ಕೊಟ್ಟ, ಪೇದೆ ಇಬ್ಬರಿಗೂ ಕನ್ನಡದಲ್ಲಿ ಸುಮ್ಮನಿರಿ ಎಂದ. ಕೊನೆಗೆ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಬೆಲ್ಲ ಅಲ್ಲ’ ಎಂದು ತೀರ್ಮಾನಿಸಿ ಇಳಿದುಹೋದ. ಅವನನ್ನು ಶನಿವಾರಸಂತೆ ಬರುವವರೆಗೂ ಮನಸ್ಸಿನಲ್ಲೇ ಬೈದೆ.

ಮಾದಾಪುರ, ಮೊದಲ ದಿನ

ಸೋಮಯ್ಯ ಹೇಳಿದ್ದ ಎಸ್ಟೇಟಿನಲ್ಲಿ ಅವನ ಕಡೆಯವರು ಯಾರೂ ಉಳಿದಿರಲಿಲ್ಲ. ನನ್ನನ್ನು ಮನೆಯಲ್ಲಿ ಉಳಿಸಿಕೊಂಡವರು ಎಸ್ಟೇಟಿನ ರೈಟರು ಸಣ್ಣೇಗೌಡರು. ರೈಟರು ಎಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ ಬರೆಯುವವರು, ಬೆಳಗ್ಗೆ ಗಂಟೆ ಹೊಡೆಸುವವರು, ಸಂಜೆ ಪಿಕಿಂಗಿನಲ್ಲಿ ಕೊಯ್ದ ಕಾಫಿ ಹಣ್ಣು ಅಳೆಸುವವರು. ಸಕಲೇಶಪುರದ ಕಡೆಯಿಂದ ಬಂದು ಹದಿನೆಂಟು ವರ್ಷವಾಗಿತ್ತಂತೆ. ಅವರ ಹೆಂಡತಿ ಗಂಗಮ್ಮನವರು. ಮಕ್ಕಳಿರಲಿಲ್ಲ.

‘ಗಾಡಿ ತಮ್ಮಯ್ಯನ ಮಗನ ಸ್ನೇಹಿತರಾ? ತಮ್ಮಯ್ಯನ್ನ ನಾ ನೋಡಿಲ್ಲ, ಹೆಸ್ರು ಕೇಳಿದೀನಿ’ ಎಂದು ರೈಟರು ನನ್ನ ಪೆಟ್ಟಿಗೆ ಹೊತ್ತುಕೊಂಡರು. ‘ಬೆಟ್ಟದ ಫೋಟೋ ತೆಗೆಯಾಕೆ ಅಷ್ಟು ದೂರದಿಂದ ಬಂದ್ರಾ? ಬೆಟ್ಟ ಎಲ್ಲೋಗತ್ತೆ ಬಿಡಿ. ಮೋಡ ಬಿಡ್ಬೇಕಲ್ಲ, ಅದು ನೋಡಿ.’

ಗಂಗಮ್ಮನವರು ಕಾಫಿ ಕೊಟ್ಟರು. ಸುತ್ತ ಎಲ್ಲಿ ನೋಡಿದರೂ ಕಾಫಿ ಗಿಡ, ಅಂಗಳದಲ್ಲಿ ಕಾಫಿ ಹಣ್ಣು, ಗಾಳಿಯಲ್ಲಿ ಅದರದೇ ವಾಸನೆ. ಲೋಟದಲ್ಲಿ ಮಾತ್ರ ಬೆಲ್ಲ ಹಾಕಿದ ಕಪ್ಪು ನೀರು, ಹಾಲಿನ ಸುಳಿವಿಲ್ಲ. ನಮ್ಮ ಅರಸೀಕೆರೆ ಸ್ಟೇಷನ್ನಿನಲ್ಲಿ ಇದಕ್ಕಿಂತ ಒಳ್ಳೆಯ ಕಾಫಿ ಸಿಗುತ್ತದಲ್ಲ ಅಂದುಕೊಂಡೆ. ಮೂರನೆಯ ದಿನದ ಹೊತ್ತಿಗೆ ನಾನೇ ಇನ್ನೊಂದು ಲೋಟ ಕೇಳುತ್ತಿದ್ದೆ.

ಮೊದಲು ಮುಖ್ಯ ಕೆಲಸ ಆಗಬೇಕಿತ್ತು. ಡಬ್ಬಿಯ ಪ್ಲೇಟುಗಳನ್ನು ಕ್ಯಾಮೆರಾಕ್ಕೆ ಹಾಕುವ ಮರದ ಚೌಕಟ್ಟುಗಳಿಗೆ, ಹಿಂದೊಂದು ಮುಂದೊಂದರಂತೆ, ಕೂರಿಸಬೇಕು. ಗಂಗಮ್ಮನವರು ಕಾಫಿ ಮೂಟೆ ಇಡುವ ಕೋಣೆ ಬಿಟ್ಟುಕೊಟ್ಟರು. ಕಿಟಕಿಗೆ ಕಂಬಳಿ ಹೊಡೆದೆ. ಬಾಗಿಲ ಸಂದಿಗೆ ಗೋಣಿ ತುರುಕಿದೆ. ಹೆಂಚಿನ ನಡುವೆ ಒಂದು ಕಡೆ ಸೂಜಿಯಷ್ಟು ಬೆಳಕು ಬರುತ್ತಿತ್ತು, ರೈಟರನ್ನು ಮಾಡಿನ ಮೇಲೆ ಹತ್ತಿಸಿ ಅದನ್ನೂ ಮುಚ್ಚಿಸಿದೆ. ಆಮೇಲೆ ಹೊರಗಿನಿಂದ ಯಾರೂ ಬಾಗಿಲು ತಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿ, ಮದುವೆಗಳಿಗೆ ಹೋಗುವಾಗ ಯಾವಾಗಲೂ ಒಯ್ಯುವ ಕೆಂಪು ಗಾಜಿನ ಲಾಂದ್ರ ಹಚ್ಚಿಕೊಂಡು, ಆರು ಪ್ಲೇಟನ್ನೂ ಒಂದೊಂದಾಗಿ ತೆಗೆದು, ಒಂಟೆಕೂದಲಿನ ಬ್ರಷ್ಷಿನಿಂದ ಧೂಳು ಒರೆಸಿ, ಚೌಕಟ್ಟಿಗೆ ಸೇರಿಸಿದೆ. ಒಂದಕ್ಕೂ ಬೆರಳಿನ ಗುರುತು ತಾಗಲಿಲ್ಲ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಕೈ.

ಹೊರಗೆ ಬಂದಾಗ ಬೆವರು ಇಳಿಯುತ್ತಿತ್ತು. ‘ಆಯ್ತಾ?’ ಎಂದರು ಗಂಗಮ್ಮನವರು, ಬಾಣಂತಿ ಕೋಣೆಯ ಮುಂದೆ ನಿಂತವರ ಹಾಗೆ. ‘ಆಯ್ತು’ ಎಂದೆ.

ಬಂಡೆಯ ಮೇಲೆ

ಬಂಡೆ ಸೋಮಯ್ಯ ಹೇಳಿದ ಜಾಗದಲ್ಲೇ ಇತ್ತು. ಎದುರಿಗೆ ಕೋಟೆಬೆಟ್ಟ ಇತ್ತೋ ಇಲ್ಲವೋ ನನಗೆ ಮೊದಲ ಮೂರು ದಿನ ಗೊತ್ತಾಗಲಿಲ್ಲ. ಅಲ್ಲಿ ಬರೀ ಬಿಳಿ ಇತ್ತು. ನಮ್ಮ ಕಡೆ ಮೋಡ ಎಂದರೆ ತಲೆಯ ಮೇಲೆ ಎಲ್ಲೋ ಇರುವ ವಸ್ತು, ಬಂದರೆ ಮಳೆ, ಇಲ್ಲದಿದ್ದರೆ ಬಿಸಿಲು. ಇಲ್ಲಿ ಮೋಡ ಮೆಟ್ಟಿಲು ಹತ್ತಿ ಬರುತ್ತದೆ. ಕಾಫಿ ಗಿಡಗಳ ಸಾಲಿನೊಳಗೆ ನುಗ್ಗಿ, ಕ್ಯಾಮೆರಾದ ಕಾಲುಗಳ ನಡುವೆ ಸುಳಿದು, ನನ್ನ ಕನ್ನಡಕ ಒದ್ದೆ ಮಾಡಿ ಹೋಗುತ್ತದೆ. ಪಿಕಿಂಗಿನ ಹೆಂಗಸರು ಕೆಳಗಿನ ಸಾಲಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು, ಅವರು ಕಾಣುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಟ್ಟ ಒಂದು ಗಳಿಗೆ ಕಾಣಿಸಿತು. ಭುಜ ಮಾತ್ರ. ನಾನು ಎದ್ದು ಕರಿಬಟ್ಟೆಯೊಳಗೆ ತಲೆ ತೂರಿಸಿ, ಹೊಂದಿಸಿ, ಹೊರಗೆ ಬರುವಷ್ಟರಲ್ಲಿ ಮುಚ್ಚಿಕೊಂಡಿತು. ಐದನೆಯ ದಿನ ನೆತ್ತಿ ಕಾಣಿಸಿತು, ಭುಜ ಹೋಯಿತು. ಆರನೆಯ ದಿನ ಎಲ್ಲ ಕಾಣಿಸಿ, ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಮೋಡದ ಒಂದು ಗೋಡೆ ಬಂದು ನಿಂತಿತು. ‘ಅಲ್ಲಾಡಬೇಡ’ ಎಂದು ನಾನು ಗಟ್ಟಿಯಾಗಿಯೇ ಹೇಳಿದ್ದೆ. ಅಭ್ಯಾಸಬಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಆ ಮಾತು ಕೇಳದಿದ್ದ ಗಿರಾಕಿ ಇದೊಂದೇ.

ಒಂದು ಪ್ಲೇಟು ಹಾಳುಮಾಡಿದರೂ ಆಗುತ್ತಿತ್ತು, ಭುಜವೋ ನೆತ್ತಿಯೋ ಏನೋ ಒಂದು ಸಿಗುತ್ತಿತ್ತು. ಮಾಡಲಿಲ್ಲ. ಸೋಮಯ್ಯ ಕೇಳಿದ್ದು ಆ ಒಂದು ಗೇಣಿನ ಸಂದಿ.

ಆ ಬಂಡೆಯ ಮೇಲೆ ನನಗೆ ತುಂಬಾ ಒಂಟಿ ಅನ್ನಿಸಿತು. ಮುಚ್ಚುಮರೆ ಏನು, ಒಂದು ದಿನ ಅಳುವೇ ಬಂತು. ನಾನು ದಿನವಿಡೀ ಮಾತಾಡಿ ಬದುಕಿದವನು. ಅಳುವ ಮಗುವಿಗೆ ಗಿಲಕಿ ಆಡಿಸಿ, ನಾಚುವ ಗಂಡನನ್ನು ಹೆಂಡತಿಯ ಪಕ್ಕಕ್ಕೆ ತಳ್ಳಿ, ಯಾರೂ ಇಲ್ಲದಾಗ ಸೋಮಯ್ಯನ ಜೊತೆ ಜಗಳ ತೆಗೆದು ಹೊತ್ತು ಕಳೆದವನು. ಇಲ್ಲಿ ಎದುರಿಗೆ ಬಿಳಿ, ಹಿಂದೆ ಬಿಳಿ. ಸಂಕ್ರಾಂತಿ ಆದ ಮೇಲೆ ಸ್ಟುಡಿಯೋದಲ್ಲಿ ಹೀಗೇ ಇರುತ್ತದೆ ಎಂಬ ಯೋಚನೆ ಬಂತು. ಅವನು ಮೂಲೆಯಲ್ಲಿ ಕೂತಿರುತ್ತಾನೆ, ನಾನು ಕೆಲಸ ಮಾಡುತ್ತಿರುತ್ತೇನೆ, ‘ಇದು ನೋಡು’ ಎಂದು ಹೇಳುವುದಕ್ಕೆ ಯಾರೂ ಇರುವುದಿಲ್ಲ. ಆಗ ನನ್ನ ಗತಿ ಏನು ಎಂದು ಯೋಚಿಸಿದೆನೇ ಹೊರತು ಅವನ ಗತಿ ಏನು ಎಂದು ಆ ಹೊತ್ತಿನಲ್ಲಿ ಯೋಚಿಸಲಿಲ್ಲ. ಮನುಷ್ಯ ಎಂಥವನು ಎಂದು ಬಂಡೆಯ ಮೇಲೆ ಕೂತಾಗ ತಿಳಿಯುತ್ತದೆ.

ಸಂಜೆ ಇಳಿದು ಬಂದರೆ ರೈಟರು ಜಗಲಿಯಲ್ಲೇ ಕಾದಿರುತ್ತಿದ್ದರು.

‘ಬಿಡ್ತಾ?’

‘ಇಲ್ಲ.’

‘ನಾ ಹೇಳ್ದೆ, ಬಿಡಲ್ಲ ಅಂತ. ಅದು ಹಂಗೇಯ. ನಾವು ನೋಡ್ತಾ ಕೂತ್ರೆ ಬಿಡಲ್ಲ, ಬೆನ್ನು ಹಾಕಿದ್ರೆ ಬಿಡತ್ತೆ. ಉಣ್ಣಿ ಬನ್ನಿ.’

ಮೋಡದ ವಿಷಯದಲ್ಲಿ ಈ ಊರಿನವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ನಾಳೆ ಬಿಸಿಲು ಬರುತ್ತದೆಯೇ ಎಂದು ನೀವು ಯಾರನ್ನಾದರೂ ಕೇಳಿ, ಬರುತ್ತದೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ. ಒಮ್ಮೆ ಬೆಟ್ಟದ ಕಡೆ ನೋಡಿ, ‘ಕಂಬಳಿ ಒಯ್ಯಿ’ ಎನ್ನುತ್ತಾರೆ.

ಎಂಟನೆಯ ದಿನ

ಅವತ್ತು ಭಾನುವಾರ, ಪಿಕಿಂಗ್ ಇರಲಿಲ್ಲ. ನಾನು ಪೆಟ್ಟಿಗೆ ಹೆಗಲಿಗೇರಿಸಿ ಹೊರಟಾಗ ಅಂಗಳದಲ್ಲಿ ಗಂಡಹೆಂಡಿರು ನಿಂತಿದ್ದರು. ಗಂಗಮ್ಮನವರು ರೇಷ್ಮೆ ಸೀರೆ ಉಟ್ಟು, ತುರುಬಿಗೆ ಸೇವಂತಿಗೆ ಮುಡಿದಿದ್ದರು. ರೈಟರು ಕರಿ ಕೋಟು ಹಾಕಿ ಕೂದಲಿಗೆ ಎಣ್ಣೆ ಬಳಿದು ಬಾಚಿದ್ದರು. ಕೋಟಿನ ಮಡಿಕೆ ಇನ್ನೂ ಹಾಗೇ ಇತ್ತು, ಪೆಟ್ಟಿಗೆಯಿಂದ ಆಗ ತಾನೇ ತೆಗೆದದ್ದು.

‘ಎಲ್ಲಿಗಾದರೂ ಹೊರಟಿರಾ?’ ಎಂದೆ.

‘ಇಲ್ಲ ಇಲ್ಲ. ಎಲ್ಲಿಗೋಗಾದು. ಭಾನ್ವಾರ ಅಲ್ವಾ, ಸುಮ್ನೆ’ ಎಂದರು ರೈಟರು. ಗಂಗಮ್ಮನವರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು.

ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಫೋಟೋಗೆ ನಿಂತವರು ಹೇಗೆ ನಿಲ್ಲುತ್ತಾರೆ ಎಂಬುದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಎಂಟು ದಿನ ಉಂಡ ಮನೆ. ಬಾಯಿ ಬಿಟ್ಟು ಕೇಳುವ ಜನ ಅವರಲ್ಲ. ಕೈಯಲ್ಲಿ ಆರು ಪ್ಲೇಟಿತ್ತು, ಒಂದನ್ನು ಕೊಟ್ಟರೆ ಐದು ಉಳಿಯುತ್ತಿತ್ತು. ಆದರೆ ಆ ಬೆಳಕು ಕೆಲವೇ ನಿಮಿಷ ಇರುತ್ತದೆ, ಒಂದು ಕಡಿಮೆಯಾಯಿತೆಂದು ಆಮೇಲೆ ಕೊರಗಬೇಕಾದೀತು ಎಂದು ಲೆಕ್ಕ ಹಾಕಿದೆ. ‘ಹೊತ್ತಾಯ್ತು, ಬರ್ತೀನಿ’ ಎಂದು ಹೊರಟುಬಿಟ್ಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಇಬ್ಬರೂ ಅಲ್ಲೇ ನಿಂತಿದ್ದರು. ಸಂಜೆ ಬಂದಾಗ ಗಂಗಮ್ಮನವರು ಹಳೆಯ ಸೀರೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಎಂದಿನಂತೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿದರು.

ಹತ್ತನೆಯ ಸಂಜೆ

ಹತ್ತನೆಯ ದಿನ ಮಧ್ಯಾಹ್ನದವರೆಗೆ ಜೋರು ಮಳೆ. ಮೂರು ಗಂಟೆಗೆ ನಿಂತಿತು. ರೈಟರು ಹಾಜರಿ ಪುಸ್ತಕ ಮುಚ್ಚಿಟ್ಟು, ‘ಇವತ್ತು ನಾನೂ ಬತ್ತೀನಿ. ಗಾಳಿ ಬೇರೆ ಕಡಿಂದ ಬೀಸ್ತೈತೆ’ ಎಂದು ಛತ್ರಿ ತೆಗೆದುಕೊಂಡು ಜೊತೆಗೆ ಬಂದರು.

ಬಂಡೆ ಹತ್ತಿ ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಬೆಟ್ಟದ ಮೇಲಿನ ಮೋಡ ಕದಲಿತು. ಹರಿಯಲಿಲ್ಲ, ಚದುರಲಿಲ್ಲ, ಅನ್ನದ ಮಡಕೆಯ ತಟ್ಟೆ ಎತ್ತಿದಂತೆ ಇಡಿಯಾಗಿ ಮೇಲೆದ್ದಿತು. ಒಂದು ಗೇಣು. ಸೋಮಯ್ಯ ಅಷ್ಟು ವರ್ಷದ ಹಿಂದೆ ನೋಡಿದ್ದು ಅಳತೆ ತಪ್ಪದೆ ಹಾಗೇ ಇತ್ತು.

ಕರಿಬಟ್ಟೆಯೊಳಗೆ ಹೋದೆ. ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಬೀಳುತ್ತದೆ, ಮೋಡ ಕೆಳಗೆ, ಕಣಿವೆ ಮೇಲೆ. ಬೆಟ್ಟದ ಅಂಚಿನಲ್ಲಿ ಒಂಟಿ ಮರವೊಂದು ಇತ್ತು. ಅದರ ರೆಂಬೆ ಚೂಪಾಗಿ ಕಂಡರೆ ಉಳಿದದ್ದೆಲ್ಲ ಸರಿಯಿದ್ದಂತೆ. ಭೂತಗನ್ನಡಿ ಇಟ್ಟು ಆ ಮರವನ್ನೇ ನೋಡಿ ತಿರುಪು ತಿರುಗಿಸಿದೆ. ಹೊರಗೆ ಬಂದೆ. ಚೌಕಟ್ಟು ಹಾಕಿದೆ, ಮುಚ್ಚಳ ಎಳೆದೆ, ಗಡಿಯಾರ ನೋಡಿಕೊಂಡು ಮಸೂರದ ಟೋಪಿ ತೆಗೆದೆ, ಎಣಿಸಿದೆ, ಹಾಕಿದೆ. ಚೌಕಟ್ಟು ತಿರುಗಿಸಿದೆ. ಮತ್ತೆ ಎಳೆದೆ, ಎಣಿಸಿದೆ. ಗಾಳಿಗೆ ಕ್ಯಾಮೆರಾ ಅಲುಗುತ್ತಿತ್ತು, ‘ಹಿಡಿದುಕೊಳ್ಳಿ, ಕಾಲು ಹಿಡಿದುಕೊಳ್ಳಿ’ ಎಂದು ರೈಟರಿಗೆ ಕೂಗಿದೆ. ಅವರು ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾದ ಎರಡು ಕಾಲು ಹಿಡಿದು, ಮುಖ ಮಾತ್ರ ಬೆಟ್ಟದ ಕಡೆ ಇಟ್ಟುಕೊಂಡಿದ್ದರು. ಬಾಯಿ ತೆರೆದಿತ್ತು. ಬೆಳಕು ಕಡಿಮೆಯಾದಂತೆ ಎಣಿಕೆ ಹೆಚ್ಚಿಸಿದೆ. ನಾಲ್ಕು, ಐದು, ಆರು. ಆರನೆಯದರ ಮುಚ್ಚಳ ತಳ್ಳಿ, ಕೊಂಡಿ ಹಾಕಿ, ಎಲ್ಲ ಚೌಕಟ್ಟುಗಳನ್ನೂ ಕಂಬಳಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿ ತಲೆ ಎತ್ತಿದಾಗ ಬೆಟ್ಟದ ಮೇಲೆ ಬೂದಿ ಬಣ್ಣ ಇತ್ತು.

‘ಸಿಕ್ತು ರೈಟರೇ’ ಎಂದೆ. ಸಂತೋಷಕ್ಕೆ ಅವರ ಕೈ ಹಿಡಿದು ಅಲ್ಲಾಡಿಸಿದೆ.

ಅವರು ಬೆಟ್ಟದಿಂದ ಕಣ್ಣು ಕಿತ್ತಿರಲಿಲ್ಲ. ‘ಹದಿನೆಂಟು ವರ್ಸ ಆತು ಇಲ್ಲಿ ಬಂದು. ದಿನಾ ಇದೇ ಹೊತ್ನಾಗೆ ಹಣ್ಣು ಅಳೆಸ್ತಾ ನಿಂತಿರ್ತೀನಿ. ಹಿಂಗೈತೆ ಅಂತ ಗೊತ್ತೇ ಇರ್ಲಿಲ್ಲ ನೋಡಿ. ಮೈ ಜುಮ್ ಅಂತು’ ಎಂದರು.

ಇಳಿಯುವಾಗ ಇಬ್ಬರ ಬಾಯಿಯ ಮಾತನ್ನೂ ನಾನೇ ಆಡಿದೆ.

ಮತ್ತೆ ಅರಸೀಕೆರೆ

ಬಸ್ಸು ಇಳಿದವನು ಮನೆಗೂ ಹೋಗದೆ ನೇರ ಸ್ಟುಡಿಯೋಗೆ ಹೋದೆ. ಸೋಮಯ್ಯ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದ. ‘ಯಾರು?’ ಎಂದ. ನಾನು ಹೊಸ್ತಿಲ ಮೇಲೇ ನಿಂತಿದ್ದೆ. ಹತ್ತು ಹನ್ನೆರಡು ದಿನದ ಹಿಂದೆ ಅವನು ಹಾಗೆ ಕೇಳುತ್ತಿರಲಿಲ್ಲ.

‘ನಾನು ಕಣೋ. ಸಿಕ್ತು. ಆರೂ ಸಿಕ್ತು.’

ಅವನ ಮುಖ ಅರಳಿತು. ‘ತೊಳಿ, ತೊಳಿ. ಬೇಗ ತೊಳಿ’ ಎಂದ.

ಕತ್ತಲೆ ಕೋಣೆಗೆ ಹೋಗಿ, ಈ ಪ್ಲೇಟಿಗೆ ದೀಪ ಕೂಡದು ಎಂದು ನೆನಪಿಟ್ಟುಕೊಂಡು, ಗೋಡೆಯ ಕೆಂಪು ದೀಪ ಆರಿಸಿದೆ. ಆರಿಸುವಾಗಲೂ ನನಗೆ ಹೊಳೆಯಲಿಲ್ಲ. ಕುರುಡುಗತ್ತಲೆಯಲ್ಲಿ ತಡಕಾಡಿಕೊಂಡು ಮೊದಲ ಪ್ಲೇಟನ್ನು ಮದ್ದಿಗೆ ಇಳಿಸಿ, ಎಣಿಸಿ, ತೊಳೆದು, ಹೊರಗೆ ತಂದು ಬೆಳಕಿಗೆ ಹಿಡಿದೆ. ಕಪ್ಪು. ಅಂಚಿನಿಂದ ಅಂಚಿಗೆ ಇದ್ದಿಲಿನ ಹಾಗೆ ಕಪ್ಪು. ಮದ್ದು ಹಳೆಯದಿರಬೇಕು ಎಂದು ಹೊಸ ಮದ್ದು ಕಲಸಿ ಎರಡನೆಯದನ್ನು ತೊಳೆದೆ. ಅದೂ ಹಾಗೇ. ಮೂರನೆಯದನ್ನು ಕೈಗೆತ್ತಿಕೊಂಡಾಗ ಮಾದಾಪುರದ ಮೂಟೆಯ ಕೋಣೆ ಕಣ್ಣ ಮುಂದೆ ಬಂತು. ಕಂಬಳಿ, ಗೋಣಿ, ಮಾಡಿನ ಮೇಲೆ ರೈಟರು, ನಡುವೆ ಹಾಯಾಗಿ ಉರಿಯುತ್ತಿದ್ದ ನನ್ನ ಲಾಂದ್ರ. ಗಡಿಯ ಪೇದೆಯಿಂದ ಉಳಿಸಿಕೊಂಡ ಡಬ್ಬಿಯನ್ನು ನಾನೇ ನನ್ನ ಕೈಯಾರೆ ಸುಟ್ಟಿದ್ದೆ. ಆದರೂ ಆರನ್ನೂ ತೊಳೆದೆ. ಆರೂ ಕಪ್ಪು. ಗಂಗಮ್ಮನವರ ಫೋಟೋ ತೆಗೆದಿದ್ದರೂ ಅದೂ ಕಪ್ಪೇ ಬರುತ್ತಿತ್ತು. ಆದರೆ ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಗದ್ದ ಎತ್ತಿ ಎಂದು ಒಂದು ಮಾತು ಹೇಳಿದಂತಾಗುತ್ತಿತ್ತು.

ಸೋಮಯ್ಯನ ಕೈಗೆ ಒಂದು ಪ್ಲೇಟು ಕೊಟ್ಟೆ. ಬಾಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ಅವನು ಕಿಟಕಿಯ ಹತ್ತಿರ ಹೋಗಿ ಕಣ್ಣಿಗೆ ಆನಿಸಿ ಹಿಡಿದ. ಆ ಕಡೆ ಈ ಕಡೆ ಹೊರಳಿಸಿದ. ತನಗೇ ಕಾಣುತ್ತಿಲ್ಲವೇನೋ ಎಂದು ಅವನು ಅಂದುಕೊಂಡಿರಬೇಕು, ಕಣ್ಣುಜ್ಜಿಕೊಂಡು ಮತ್ತೆ ಹಿಡಿದ.

‘ನಿನ್ನ ಕಣ್ಣಲ್ಲ ಸೋಮ’ ಎಂದೆ. ‘ಪ್ಲೇಟೇ ಕಪ್ಪು. ಕೆಂಪು ದೀಪ ಹಚ್ಚಿಬಿಟ್ಟೆ.’

ಅವನು ಪ್ಲೇಟನ್ನು ಕೆಳಗಿಳಿಸಿದ. ಆಮೇಲೆ ನಕ್ಕ. ಹೊಟ್ಟೆ ಅಲುಗುವ ಹಾಗೆ ನಕ್ಕ. ‘ಥೂ ನಿನ್ನ. ನಂಗೇ ಓದಿ ಹೇಳಿದ್ಯಲ್ಲೋ’ ಎಂದು ನನ್ನ ಬೆನ್ನಿಗೆ ಗುದ್ದಿದ. ನಾನೂ ನಕ್ಕೆ. ಇಬ್ಬರ ಕಣ್ಣಲ್ಲೂ ನೀರು ಬಂತು.

‘ಹೋಗ್ಲಿ ಬಿಡು’ ಎಂದು ಬೆಂಚಿನ ಮೇಲೆ ಕೂತು ನನ್ನನ್ನೂ ಎಳೆದು ಕೂರಿಸಿಕೊಂಡ. ‘ಬಾಯಲ್ಲೇ ಹೇಳು. ಹೆಂಗಿತ್ತು? ಮೊದಲು ಯಾವ ಕಣಿವೆ ಹತ್ಕೊಂತು?’

ನಾನು ಬಾಯಿ ತೆರೆದೆ. ಕರಿಬಟ್ಟೆ, ಗಡಿಯಾರದ ಮುಳ್ಳು, ತಿರುಪು, ಕೊಂಡಿ, ಗಾಳಿಗೆ ಅಲುಗುವ ಕಾಲು, ಇವೇ ಒಂದೊಂದಾಗಿ ನೆನಪಿಗೆ ಬಂದವು.

‘ಒಂದು ಮರ ನೋಡಿದೆ’ ಎಂದೆ. ‘ತಲೆಕೆಳಗಾಗಿ.’

‘ಬೆಳಕು?’

‘ಬೆಳಕು ನೋಡಲಿಲ್ಲ ಕಣೋ. ಪ್ಲೇಟು ಹಾಕೋದು ತೆಗೆಯೋದೇ ಆಯ್ತು. ಪ್ಲೇಟಲ್ಲಿ ಇರುತ್ತಲ್ಲ, ಆಮೇಲೆ ನೋಡಿದರಾಯ್ತು ಅಂತ.’ ಸುಮ್ಮನಿರಲಾರದೆ, ‘ರೈಟರು ನೋಡಿದರು. ಅವರಿಗೆ ಮೈ ಜುಮ್ ಅಂತಂತೆ’ ಎಂದೂ ಸೇರಿಸಿದೆ.

ಸೋಮಯ್ಯ ನಗಲಿಲ್ಲ. ಕಪ್ಪು ಪ್ಲೇಟು ಇನ್ನೂ ಅವನ ತೊಡೆಯ ಮೇಲಿತ್ತು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಬಹಳ ಮೆಲ್ಲಗೆ ಹೇಳಿದ, ‘ನಾನು ನೋಡ್ಬೇಕು ಅಂದಿದ್ದೆ ರುದ್ರ. ಫೋಟೋ ಬೇಕು ಅಂದಿರ್ಲಿಲ್ಲ. ನನ್ನನ್ನೇ ಕರ್ಕೊಂಡು ಹೋಗ್ತೀಯೇನೋ ಅಂದ್ಕೊಂಡೆ.’

ಅವತ್ತು ರೈಲಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದೆ. ಒಂದು ಟಿಕೆಟ್ಟು ಹೆಚ್ಚಿಗೆ ತೆಗೆದು ಕೈ ಹಿಡಿದು ನಡೆಸಿಕೊಂಡು ಹೋಗುವುದು ಏನು ದೊಡ್ಡ ಮಾತು? ನನಗೆ ಅದು ಹೊಳೆದೇ ಇರಲಿಲ್ಲ.

‘ನಡಿ ಹಂಗಾದ್ರೆ’ ಎಂದು ಎದ್ದೆ. ‘ನಾಳೆ ಬೆಳಗ್ಗೇನೇ ಹೊರಡೋಣ. ಕ್ಯಾಮೆರಾ ಬೇಡ, ಏನೂ ಬೇಡ. ರೈಟರ ಮನೆ ಇದೆ. ಎಷ್ಟು ದಿನ ಆದರೂ ಕಾಯೋಣ.’

ಅವನು ತನ್ನ ಬಲಗೈ ಎತ್ತಿ ಮುಖದ ಮುಂದೆ ಹಿಡಿದು, ಬೆರಳುಗಳನ್ನು ಅಗಲಿಸಿ ನೋಡಿದ. ಹತ್ತಿರ ತಂದ. ದೂರ ಹಿಡಿದ.

‘ನೀನು ಹೋದಾಗ ಈ ಬೆರಳು ಎಣಿಸ್ತಿದ್ದೆ’ ಎಂದ. ‘ಮೊನ್ನೆಯಿಂದ ಆಗ್ತಿಲ್ಲ.’

ಕೈ ಇಳಿಸಿ, ಪ್ಲೇಟನ್ನು ನನಗೆ ಹಿಂದಕ್ಕೆ ಕೊಟ್ಟ. ಮೊನ್ನೆಯವರೆಗೂ ಅವನಿಗೆ ಕಾಣುತ್ತಿತ್ತು. ಮೊನ್ನೆಯವರೆಗೂ ನಾನು ಬಂಡೆಯ ಮೇಲೆ ಕೂತು ಮೋಡ ಬಿಡಲಿ ಎಂದು ಕಾಯುತ್ತಿದ್ದೆ.